ವಿದೇಶಗಮನೋದ್ಯುಕ್ತ ಶಿಕ್ಷಕ ದಂಪತಿ: ಪತ್ರ, ಪೆಟ್ಟಿಗೆ ಮತ್ತು ಪುಡಿಗಳ ಒಂದು ವಿಮರ್ಶಾತ್ಮಕ ಅಧ್ಯಯನ

ನಾಗಚಂದ್ರನಿಂದ ಕುವೆಂಪುವರೆಗೆ ನಮ್ಮ ಕವಿಗಳು ರಾಮ ಸೀತೆಯರನ್ನು ಮತ್ತೆ ಮತ್ತೆ ಕಾಡಿಗೆ ಕಳಿಸಿದ್ದಾರೆ. ಆದರೆ ಹೊರಡುವ ಮುನ್ನ ಅವರ ಮದುವೆ ಪ್ರಮಾಣಪತ್ರವನ್ನು ಯಾರು ದೃಢೀಕರಿಸಿದರು, ತಲಾ ಎಷ್ಟು ಕೆ.ಜಿ. ಸಾಮಾನಿಗೆ ಅನುಮತಿಯಿತ್ತು, ಕೌಸಲ್ಯೆ ಯಾವ ಯಾವ ಪುಡಿ ಕಟ್ಟಿಕೊಟ್ಟಳು ಎಂಬ ಬಗ್ಗೆ ಒಬ್ಬನೂ ಬಾಯಿ ಬಿಟ್ಟಿಲ್ಲ. ಈ ಅಕ್ಷಮ್ಯ ಲೋಪವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಅಧ್ಯಯನಕ್ಕೆ ಆರಿಸಿಕೊಂಡ ದಂಪತಿ ಮೈಸೂರಿನ ಕುವೆಂಪುನಗರದವರು. ಗಂಡ ಗಣಿತದ ಮೇಷ್ಟ್ರು, ಹೆಂಡತಿ ರಸಾಯನಶಾಸ್ತ್ರದ ಮೇಡಂ. ಇಬ್ಬರಿಗೂ ದುಬೈನ ಒಂದೇ ಸಿಬಿಎಸ್‌ಇ ಶಾಲೆಯಲ್ಲಿ ಕೆಲಸ ಸಿಕ್ಕಿದೆ. ಅಲ್ಲಿಯ ಭಾರತೀಯ ಶಾಲೆಗಳು ಏಪ್ರಿಲ್‌ನಲ್ಲಿ ಶುರುವಾಗುವುದರಿಂದ ಮಾರ್ಚ್ ಮುಗಿಯುವುದರೊಳಗೆ ಗಂಟುಮೂಟೆ ಕಟ್ಟಬೇಕು. ಈ ಲೇಖಕ ಅವರ ಮನೆಯ ಮಹಡಿಯಲ್ಲೇ ಬಾಡಿಗೆಗಿರುವುದರಿಂದ ಕ್ಷೇತ್ರಕಾರ್ಯಕ್ಕೆ ಪ್ರಯಾಣ ಭತ್ಯೆ ಬೇಕಾಗಲಿಲ್ಲ. ಕಾಫಿಯನ್ನು ಮಾಹಿತಿದಾರರೇ ಒದಗಿಸಿದರು.

ಆಕರ ವಿಚಾರ

ದೊರೆತಿರುವ ಲಿಖಿತ ಆಕರಗಳಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಅತ್ಯಂತ ಪೂಜ್ಯವಾದದ್ದು. ಮೇಡಂ ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ ಪಡೆದವರು. ಆ ಪದಕವನ್ನು ಈವರೆಗೆ ಯಾರೂ ಕೇಳಿಲ್ಲ. ಹತ್ತನೇ ತರಗತಿಯ ಅಂಕಪಟ್ಟಿಯನ್ನು ಮಾತ್ರ ಎಲ್ಲರೂ ಕೇಳಿದ್ದಾರೆ. ಹುಟ್ಟಿದ ತಾರೀಕಿಗೂ ಅದೇ, ಹೆಸರಿನ ಕಾಗುಣಿತಕ್ಕೂ ಅದೇ. 1983ರ ವಲಸೆ ಕಾಯ್ದೆಯ ಅಡಿಯಲ್ಲಿ ದುಬೈ ಇರುವ ಎಮಿರೇಟ್ಸ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೊರಟವರು ಹತ್ತನೇ ತರಗತಿ ಪಾಸಾಗದಿದ್ದರೆ ಸರ್ಕಾರದ ಅನುಮತಿ ಪಡೆಯಬೇಕು, ಪಾಸಾಗಿದ್ದರೆ ಬೇಡ. ಹೀಗಾಗಿ ಮನುಷ್ಯನ ಬೌದ್ಧಿಕ ಬೆಳವಣಿಗೆ ಹದಿನಾರನೇ ವಯಸ್ಸಿಗೆ ಪೂರ್ಣಗೊಳ್ಳುತ್ತದೆ, ಮುಂದಿನದೆಲ್ಲ ಅನುಬಂಧ ಎಂಬ ಸಿದ್ಧಾಂತಕ್ಕೆ ರಾಜಮುದ್ರೆ ಬಿದ್ದಂತಾಗಿದೆ.

ಇನ್ನು ಪದವಿ ಪತ್ರದ ಶಾಸನಶಾಸ್ತ್ರ. ದೃಢೀಕರಣವನ್ನು ಒಂದೇ ಅಪೋಸ್ಟಿಲ್ ಚೀಟಿಯಲ್ಲಿ ಮುಗಿಸುವ ಹೇಗ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿತು. ಎಮಿರೇಟ್ಸ್ ಅದರ ಹೊರಗಿದೆ. ಆದ್ದರಿಂದ ನಮ್ಮ ದಂಪತಿಯ ಪತ್ರಗಳು ರಾಜ್ಯ ಸರ್ಕಾರದಿಂದ ವಿದೇಶಾಂಗ ಸಚಿವಾಲಯಕ್ಕೆ, ಅಲ್ಲಿಂದ ರಾಯಭಾರ ಕಚೇರಿಗೆ, ಕೊನೆಗೆ ಆ ದೇಶದ ವಿದೇಶಾಂಗ ಇಲಾಖೆಗೆ ದಿಗ್ವಿಜಯ ಹೊರಡಬೇಕು. ಸೂಕ್ಷ್ಮವಾಗಿ ಪರಿಶೀಲಿಸಿದರೆ ಈ ಮುದ್ರೆಗಳಲ್ಲಿ ಯಾವುದೂ ಮೇಡಂಗೆ ರಸಾಯನಶಾಸ್ತ್ರ ಬರುತ್ತದೆ ಎಂದು ಹೇಳುವುದಿಲ್ಲ. ಪ್ರತಿಯೊಂದು ಮುದ್ರೆಯೂ ತನ್ನ ಹಿಂದಿನ ಮುದ್ರೆ ಸಾಚಾ ಎಂದಷ್ಟೇ ಹೇಳುತ್ತದೆ. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನವಸ್ಥಾ ದೋಷ ಎನ್ನುತ್ತಾರೆ. ಕಚೇರಿಗಳಲ್ಲಿ ಕಾರ್ಯವಿಧಾನ ಎನ್ನುತ್ತಾರೆ. ಪತ್ರದ ಮುಂಬದಿಯಲ್ಲಿ ಕುಲಪತಿಗಳ ಒಂಟಿ ಸಹಿ. ಹಿಂಬದಿಯಲ್ಲಿ ಕಾಲಿಡಲು ಜಾಗವಿಲ್ಲ. ಮೂಲಪಾಠ ಹಿಂಬದಿಯದು, ಮುಂಬದಿ ಪ್ರಕ್ಷಿಪ್ತ ಎಂಬ ತೀರ್ಮಾನಕ್ಕೆ ಬರುವುದು ಅನಿವಾರ್ಯ. 1886ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಮೊದಲ ಸಂಪುಟ ತಂದ ಬಿ.ಎಲ್. ರೈಸ್ ಊರೂರಿನ ವೀರಗಲ್ಲುಗಳನ್ನು ಓದಿಸಿದವರು. ಇಂಥ ಒಂದು ಬೆನ್ನು ಕಂಡಿದ್ದರೆ ಒಂದು ಸಂಪುಟವನ್ನೇ ಮೀಸಲಿಡುತ್ತಿದ್ದರೋ, ರಜೆ ಹಾಕಿ ಊಟಿಗೆ ಹೋಗುತ್ತಿದ್ದರೋ ಹೇಳುವುದು ಕಷ್ಟ.

ಮದುವೆಯ ಪ್ರಶ್ನೆ ಇದಕ್ಕಿಂತ ಜಟಿಲ. ನಂಜನಗೂಡಿನ ಛತ್ರದಲ್ಲಿ ಐನೂರು ಜನ ಉಂಡು ಹೋದ ಈ ಮದುವೆ ನೋಂದಣಿಯಾಗಿರಲಿಲ್ಲ. ಮಗನ ವೀಸಾಕ್ಕೆ ಪ್ರಮಾಣಪತ್ರ ಬೇಕು. ಪ್ರಮಾಣಪತ್ರಕ್ಕೆ ಲಗ್ನಪತ್ರಿಕೆ ಬೇಕು. ಎಂಟು ವರ್ಷದ ಮಗ ಐಸ್‌ಕ್ಯಾಂಡಿ ಚೀಪುತ್ತ ಪಕ್ಕದಲ್ಲೇ ನಿಂತಿದ್ದರೂ ಅವನು ದಾಖಲೆಯ ವ್ಯಾಖ್ಯೆಯೊಳಗೆ ಬರುವುದಿಲ್ಲ. ಹುಡುಕಿದಾಗ ಲಗ್ನಪತ್ರಿಕೆಯ ಎರಡು ಪಾಠಗಳು ದೊರೆತವು. ಹುಡುಗನ ಕಡೆಯ ಪ್ರತಿಯಲ್ಲಿ ವಧುವಿನ ಹೆಸರು ಸುಮ. ಹುಡುಗಿ ಕಡೆಯ ಪ್ರತಿಯಲ್ಲಿ ಸುಮಾ. ಆಧಾರ್ ಕಾರ್ಡು ಎರಡನೆಯ ಪಾಠವನ್ನು ಬೆಂಬಲಿಸುತ್ತದೆ. ಮೊದಲನೆಯದು ಲಿಪಿಕಾರನ ಕೈತಪ್ಪೋ, ಬೀಗರ ಸೇಡೋ ಎಂಬ ಬಗ್ಗೆ ಎರಡೂ ಮನೆಗಳಲ್ಲಿ ಈಗ ಹೊಸದಾಗಿ ಚರ್ಚೆ ಶುರುವಾಗಿದೆ.

ಹೆಸರಿನ ಮಾತು ಬಂದದ್ದರಿಂದ ಮೇಡಂ ಅವರ ಅತ್ತೆಯವರ ಪ್ರಸಂಗವನ್ನು ಇಲ್ಲೇ ಹೇಳಿಬಿಡಬೇಕು. ದೇಶದಲ್ಲೇ ಮೊದಲು ಅಂಚೆ ಕಚೇರಿಯೊಳಗೆ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆದ ಊರುಗಳಲ್ಲಿ ಮೈಸೂರೂ ಒಂದು. ಅದು 2017ರ ಜನವರಿಯಲ್ಲಿ. ಊರಿಗೆ ಬಂದದ್ದನ್ನು ಬಿಡುವುದುಂಟೇ ಎಂದು ಅತ್ತೆಯವರೂ ಪಾಸ್‌ಪೋರ್ಟ್ ಮಾಡಿಸಿದ್ದರು. ಅದರಲ್ಲಿರುವುದು ಒಂದೇ ಹೆಸರು. ಪಾಸ್‌ಪೋರ್ಟ್‌ನಲ್ಲಿ ಒಂಟಿ ಹೆಸರಿದ್ದವರಿಗೆ ಸಂದರ್ಶಕರ ವೀಸಾ ಇಲ್ಲವೆಂದು ಎಮಿರೇಟ್ಸ್ 2022ರ ನವೆಂಬರ್‌ನಲ್ಲಿ ಹೇಳಿತು. ತಂದೆಯ ಅಥವಾ ಮನೆತನದ ಹೆಸರು ಎರಡನೇ ಪುಟದಲ್ಲಿದ್ದರೆ ಆದೀತು ಎಂದು ಆಮೇಲೆ ಸಡಿಲಿಸಿತು. "ಎಪ್ಪತ್ತು ವರ್ಷ ಒಂದೇ ಹೆಸರಲ್ಲಿ ಮರ್ಯಾದೆಯಾಗಿ ಬಾಳಿದೀನಿ. ಎರಡೆರಡು ಹೆಸರು ಇಟ್ಕೊಳ್ಳೋರು ಯಾರು ಅಂತ ಪೊಲೀಸ್ನೋರ್ನ ಕೇಳಿ" ಎಂಬುದು ಅತ್ತೆಯವರ ಖಂಡನೆ. ಇದಕ್ಕೆ ಉತ್ತರ ಕೊಡಬಲ್ಲ ಪಂಡಿತರು ಸಿಕ್ಕಿಲ್ಲ.

ಪುಡಿ ಪ್ರಕರಣ

ತಲಾ 30 ಕೆ.ಜಿ. ಎಂದು ಟಿಕೆಟ್ಟಿನಲ್ಲಿದೆ. ಮೇಷ್ಟ್ರು ಇದನ್ನು ರೇಖೀಯ ಅಸಮಾನತೆಯಾಗಿ ಬರೆದುಕೊಂಡು, ಸೂಟ್‌ಕೇಸ್ ನೇತುಹಾಕುವ ಕೊಕ್ಕೆ ತಕ್ಕಡಿಯೊಂದನ್ನು ತಂದು, ಅಡುಗೆಮನೆಯ ಬಾಗಿಲಲ್ಲಿ ಕೂತರು. ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ, ಸಂಡಿಗೆ, ಹಪ್ಪಳ ಇವೆಲ್ಲ ಗಣಿತಕ್ಕೆ ಒಗ್ಗಿದವು. ಅಸಲು ತೊಡಕು ಎದುರಾದದ್ದು ಬಿಸಿಬೇಳೆಬಾತ್ ಪುಡಿಯಲ್ಲಿ.

ಪೂರ್ವಪೀಠಿಕೆಯಾಗಿ ಎರಡು ಸಂಗತಿಗಳನ್ನು ತಿಳಿದಿರಬೇಕು. ಒಂದು, ಗಸಗಸೆ. ಅಫೀಮಿನ ಗಿಡದ ಬೀಜವಾದ ಕಾರಣ ಎಮಿರೇಟ್ಸ್‌ಗೆ ಅದನ್ನು ಒಯ್ಯುವಂತಿಲ್ಲ. ನಮ್ಮಲ್ಲಿ ಬೀಗರಿಗೆ ಪಾಯಸ ಮಾಡಿ ಬಡಿಸಿ, ಮಧ್ಯಾಹ್ನ ಮೂರಕ್ಕೆಲ್ಲ ಅವರನ್ನು ಚಾಪೆಗೆ ಕೆಡವುವ ಅದೇ ಗಸಗಸೆ. (ಊಟದ ಮೇಲಿನ ವೀಳ್ಯದೆಲೆಗೂ ಅಲ್ಲಿ ಪ್ರವೇಶವಿಲ್ಲ. ಭೌಗೋಳಿಕ ಸೂಚಕ ಪಡೆದ ಮೈಸೂರು ಎಲೆಯಾದರೂ ಅಷ್ಟೇ.) ಎರಡು, ಕೊಬ್ಬರಿ. ಅಪಾಯಕಾರಿ ಸರಕುಗಳ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ಸಂಖ್ಯೆಯಿದೆ, ವಿಭಾಗ 4.2, ಅಂದರೆ ತಾನೇ ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತು. ಅತ್ತೆಯವರ ತವರು ತಿಪಟೂರು.

"ಅತ್ತೆ, ಕೊಬ್ಬರಿಯ ಎಣ್ಣೆ ಗಾಳಿ ಜೊತೆ ಸೇರಿ ನಿಧಾನಕ್ಕೆ ಬಿಸಿಯಾಗುತ್ತೆ. ರಾಶಿ ಹಾಕಿದ್ರೆ ಆ ಬಿಸಿ ಒಳಗೇ ಉಳಿಯುತ್ತೆ" ಎಂದು ಮೇಡಂ ಒಂಬತ್ತನೇ ತರಗತಿಗೆ ಹೇಳುವಷ್ಟು ಸಾವಧಾನವಾಗಿ ಹೇಳಿದರು.

"ನಮ್ಮಪ್ಪನ ಅಟ್ಟದ ಮೇಲೆ ವರ್ಷಗಟ್ಲೆ ಕಾಯಿ ಕೊಬ್ಬರಿಯಾಗ್ತಿತ್ತು. ಕೆಳಗೆ ಒಲೆ ಬೇರೆ ಉರೀತಿತ್ತು. ಮನೆ ಸುಟ್ಟುಹೋಯ್ತೇನಮ್ಮ?"

ಪ್ರತ್ಯಕ್ಷ ಪ್ರಮಾಣದ ಮುಂದೆ ವಿಶ್ವಸಂಸ್ಥೆ ತಲೆ ತಗ್ಗಿಸಿತು.

ಆದರೆ ಮೂಲಭೂತ ಪ್ರಶ್ನೆ ತಾತ್ತ್ವಿಕವಾದದ್ದು. ಹುರಿದು, ಚಕ್ಕೆ, ಮರಾಠಿ ಮೊಗ್ಗು, ಧನಿಯ, ಬ್ಯಾಡಗಿ ಮೆಣಸಿನಕಾಯಿಗಳ ಜೊತೆ ಪುಡಿಯಾಗಿ ಬೆರೆತ ಮೇಲೂ ಗಸಗಸೆ ಗಸಗಸೆಯಾಗಿಯೇ ಉಳಿಯುತ್ತದೆಯೇ? ಮೇಷ್ಟ್ರದು ನೈಯಾಯಿಕರ ಅಸತ್ಕಾರ್ಯವಾದ: ಪುಡಿ ಎಂಬುದು ಹೊಸದಾಗಿ ಹುಟ್ಟಿದ ವಸ್ತು, ಅದರಲ್ಲಿ ಗಸಗಸೆಯನ್ನು ತೋರಿಸಿ ನೋಡೋಣ. ಮೇಡಂ ಪಕ್ಕಾ ಸಾಂಖ್ಯರು. ಕಾರಣದಲ್ಲಿದ್ದದ್ದು ಕಾರ್ಯದಲ್ಲೂ ಇದ್ದೇ ಇರುತ್ತದೆ. "ರೀ, ನೀವು ತೋರಿಸು ಅಂದ್ರೆ ನಾನು ಸುಮ್ಮನಾಗ್ತೀನಿ. ಅಲ್ಲಿಯ ಪ್ರಯೋಗಾಲಯ ಸುಮ್ಮನಾಗಲ್ಲ" ಎಂದರು. ಎರಡು ಸಾವಿರ ವರ್ಷ ಎರಡೂ ದರ್ಶನಗಳ ಆಚಾರ್ಯರು ಬಡಿದಾಡಿ ಬಗೆಹರಿಸದ ವಿವಾದ ಕುವೆಂಪುನಗರದಲ್ಲಿ ಹದಿನೈದು ನಿಮಿಷಕ್ಕೆ ತೀರ್ಮಾನವಾಯಿತು. ಸುಂಕದ ಅಧಿಕಾರಿಯ ಎದುರು ನ್ಯಾಯದರ್ಶನ ವಾದಿಸಲು ಮೇಷ್ಟ್ರಿಗೆ ಅರಬ್ಬಿ ಬರುವುದಿಲ್ಲ ಎಂಬುದೇ ನಿರ್ಣಾಯಕ ಹೇತು.

ಹಾಗಾದರೆ ಗಸಗಸೆ, ಕೊಬ್ಬರಿ ಎರಡನ್ನೂ ಬಿಟ್ಟು ಹೊಸದಾಗಿ ಮಾಡಿಸೋಣ ಎಂಬ ಸಂಧಾನ ಸೂತ್ರ ಮಂಡನೆಯಾಯಿತು. ಅತ್ತೆಯವರು ಅದನ್ನು ಸಂಪೂರ್ಣ ಕೇಳಿಸಿಕೊಂಡರು. "ಮಾಡ್ಕೊಡ್ತೀನಿ. ಡಬ್ಬಿ ಮೇಲೆ ಮಾತ್ರ ಬಿಸಿಬೇಳೆಬಾತ್ ಪುಡಿ ಅಂತ ಬರೀಬೇಡಿ. ಖಾರದ ಪುಡಿ ಅಂತ ಬರೀರಿ."

ಬೋಧನಾ ವಿಚಾರ

ಈ ದಂಪತಿ ಅಲ್ಲಿ ಹೋಗಿ ಮಕ್ಕಳಿಗೆ ಹೇಗೆ ಪಾಠ ಮಾಡುತ್ತಾರೆ ಎಂಬ ಬಗ್ಗೆ ಆಕರಗಳು ಮೌನವಾಗಿವೆ. ಆನ್‌ಲೈನಿನಲ್ಲಿ ಒಂದು ಡೆಮೊ ತರಗತಿ ನಡೆದದ್ದಕ್ಕೆ ಸಾಕ್ಷ್ಯವಿದೆ, ಅದರಲ್ಲಿ ಬಹುಪಾಲು "ಕೇಳಿಸ್ತಾ ಇದೆಯಾ?" ಎಂಬ ಪ್ರಶ್ನೆಗೇ ಸಂದಿದೆ.

ಬೀಳ್ಕೊಡುಗೆ ಮತ್ತು ಇತರ ತೂಕಗಳು

ಮೇಷ್ಟ್ರ ಶಾಲೆಯವರು ಬೀಳ್ಕೊಡುಗೆಯಲ್ಲಿ ಶಾಲು, ಗಂಧದ ಹಾರ, ಮೈಸೂರು ಪೇಟ ಮತ್ತು ಚಾಮುಂಡೇಶ್ವರಿಯ ಚೌಕಟ್ಟು ಹಾಕಿದ ಪಟ ಕೊಟ್ಟರು. ಗಾಜು ಸೇರಿ ಪಟವೇ 2 ಕೆ.ಜಿ. ಸನ್ಮಾನವನ್ನು ಬಿಟ್ಟು ಹೋಗುವುದು ಅಗೌರವ, ತೆಗೆದುಕೊಂಡು ಹೋದರೆ ಮಿಡಿ ಉಪ್ಪಿನಕಾಯಿಗೆ ಸಂಚಕಾರ. ಪೇಟವನ್ನು ತಲೆಗೆ ಹಾಕಿಕೊಂಡೇ ವಿಮಾನ ಹತ್ತಬಹುದು, ಮೈಮೇಲಿದ್ದದ್ದನ್ನು ತೂಗುವುದಿಲ್ಲ ಎಂದು ಈ ಲೇಖಕ ಸಲಹೆ ಕೊಟ್ಟ. ಅಂದಿನಿಂದ ಕಾಫಿಯ ಪ್ರಮಾಣ ಇಳಿದಿದೆ.

ಮೈಸೂರಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಫ್ಲೈಬಸ್ಸಿನಲ್ಲಿ ಮೂವರಿಗೆ ಸೀಟು ಕಾದಿರಿಸಲಾಗಿದೆ. ಬೀಳ್ಕೊಡಲು ಹನ್ನೊಂದು ಜನ ಬೇರೆ ವ್ಯಾನಿನಲ್ಲಿ ಬರುವವರಿದ್ದಾರೆ. ತೂಕ ಹೆಚ್ಚಾದರೆ ಕೌಂಟರಿನ ಮುಂದೆಯೇ ಸೂಟ್‌ಕೇಸ್ ಬಿಚ್ಚಿ, ತೆಗೆದದ್ದನ್ನು ಬಾಗಿಲ ಹೊರಗೆ ಕಾದವರ ಕೈಗೆ ದಾಟಿಸಿ ಬರುವುದು ಮಗನ ಜವಾಬ್ದಾರಿ.

ಈ ಪ್ರಬಂಧ ಅಚ್ಚಿಗೆ ಹೋಗುವ ಹೊತ್ತಿಗೆ ಹೊಸ ಆಕರವೊಂದು ಬೆಳಕಿಗೆ ಬಂದಿದೆ. ಅದೇ ಶಾಲೆಯಲ್ಲಿ ಮೊದಲೇ ಕೆಲಸಕ್ಕಿರುವ ಶಿವಮೊಗ್ಗದ ಮೇಡಂ ಒಬ್ಬರು ವಾಟ್ಸಾಪ್‌ನಲ್ಲಿ ಬರೆದಿದ್ದಾರೆ: ದುಬೈನ ಕರಾಮದ ಅಂಗಡಿಗಳಲ್ಲಿ ಬಿಸಿಬೇಳೆಬಾತ್ ಪುಡಿ, ಸಾರಿನ ಪುಡಿ, ಹಪ್ಪಳ ಎಲ್ಲಾ ಸಿಗುತ್ತವೆ, ಅಲ್ಲಿಂದ ಏನೂ ಹೊತ್ತು ತರಬೇಡಿ, ಮಕ್ಕಳಿಗೆ ಒಂದೆರಡು ಕನ್ನಡ ಕಥೆ ಪುಸ್ತಕ ತನ್ನಿ ಸಾಕು. ಮೇಷ್ಟ್ರು ಇದನ್ನು ಗಟ್ಟಿಯಾಗಿ ಓದಿ ಹೇಳಿದರು. ಅತ್ತೆಯವರು ಕನ್ನಡಕ ಹಾಕಿಕೊಂಡು ಫೋನನ್ನು ತಾವೇ ಇಸಿದುಕೊಂಡು ನೋಡಿದರು. "ಅಂಗಡಿ ಪುಡೀನಾ?" ಎಂದು ಕೇಳಿ, ಮಿಕ್ಸಿಯ ಮುಚ್ಚಳ ಹಾಕಿ, ಗುಂಡಿ ತಿರುಗಿಸಿದರು. ಮುಂದಿನ ಚರ್ಚೆ ಯಾರಿಗೂ ಕೇಳಿಸಲಿಲ್ಲ.