ಫಿಂಗರಿಂಗ್ ಉಣ್ಣೆಯ ವಂಶಾವಳಿ

ಉಣ್ಣೆಯ ನೂಲನ್ನು ಮಾರುವ ಅಂಗಡಿಯ ಪರಿಭಾಷೆಯು ತರ್ಕಶಾಸ್ತ್ರದ ಪರಿಭಾಷೆಗಿಂತ ಸುಲಭವಾದುದೆಂದು ಭಾವಿಸಿರುವ ಪಂಡಿತರು ಯಾರಾದರೂ ಇದ್ದಲ್ಲಿ, ಅವರು ಹಳೆಯ ಇಂಗ್ಲಿಷ್ ಹೆಣಿಗೆಯ ಪುಸ್ತಕವೊಂದನ್ನು ತೆರೆದು, ಬೇಕಾದ ಸಾಮಗ್ರಿಗಳೆಂದು ಅದರಲ್ಲಿ ಕೊಟ್ಟಿರುವ ನಾಲ್ಕು ಸಾಲುಗಳಿಗೆ ಭಾಷ್ಯವನ್ನು ಬರೆಯಲು ಪ್ರಯತ್ನಿಸಬೇಕು. ವರ್ಸ್ಟೆಡ್, ಶೆಟ್ಲೆಂಡ್, ಬರ್ಲಿನ್, ವೀಲಿಂಗ್, ಫಿಂಗರಿಂಗ್ ಎಂದು ಮುಂತಾಗಿ ಸಾಗುವ ಆ ನಾಮಾವಳಿಯಲ್ಲಿ ಮೊದಲಿನ ಮೂರು ಊರು ಕೇರಿಗಳ ಹೆಸರುಗಳೆಂಬುದು ವಿಚಾರಿಸಿದರೆ ತಿಳಿಯುತ್ತದೆ. ವರ್ಸ್ಟೆಡ್ ಎಂಬುದು ನಾರ್ಫಕ್ ಸೀಮೆಯ ಒಂದು ಹಳ್ಳಿ. ಈಗ ಅಲ್ಲಿ ಉಣ್ಣೆಗಿಂತ, ಉಣ್ಣೆಯ ಹಣದಿಂದ ಕಟ್ಟಿದ ಭಾರೀ ಚರ್ಚೇ ಎದ್ದು ಕಾಣುತ್ತದೆ. ವೀಲಿಂಗ್ ಎಂದರೆ ರಾಟೆಯಿಂದ ನೂತ ಒರಟು ನೂಲು. ಇನ್ನುಳಿದ ಫಿಂಗರಿಂಗ್ ಎಂಬುದು, ಇಂಗ್ಲಿಷಿನ ಮೊದಲನೆಯ ಪಾಠವನ್ನು ಓದಿದ ಬಾಲಕನಿಗೂ ಅರ್ಥವಾಗುವಷ್ಟು ಸರಳವಾಗಿ ತೋರುವುದರಿಂದಲೇ ಅದನ್ನು ಕುರಿತು ಯಾರೂ ಪ್ರಶ್ನಿಸುವುದಿಲ್ಲ.

ಮದುವೆಯಾಗಿ ನಮ್ಮ ಮನೆಯನ್ನು ಹೊಕ್ಕಂದಿನಿಂದ ವಂಶದ ಸಮಸ್ತ ಶಿಶುಗಳ ಟೋಪಿ, ಕಾಲುಚೀಲ, ಸ್ವೆಟರುಗಳನ್ನು ಹೆಣೆದುಕೊಟ್ಟು, ತನ್ಮೂಲಕ ಈ ವಿಷಯದಲ್ಲಿ ಪ್ರಶ್ನಾತೀತವಾದ ಪ್ರಾಮಾಣ್ಯವನ್ನು ಸಂಪಾದಿಸಿರುವ ನನ್ನ ಅತ್ತಿಗೆಯವರನ್ನು ಒಂದು ಧನುರ್ಮಾಸದ ಚಳಿಯಲ್ಲಿ ನಾನು ಈ ಹೆಸರಿನ ಮೂಲವೇನೆಂದು ಕೇಳಿದೆನು. ಅವರು ಕಡ್ಡಿಗಳಿಂದ ಕಣ್ಣನ್ನೆತ್ತದೆಯೇ, “ಎಳೆಯನ್ನ ತೋರುಬೆರಳಿಗೆ ಸುತ್ತಿಕೊಂಡು ಹೆಣೀತೀವಲ್ಲ, ಅದಕ್ಕೇ ಫಿಂಗರಿಂಗು. ಇಷ್ಟಕ್ಕೆಲ್ಲ ನಿಘಂಟು ಯಾಕೋ ಬೇಕು ನಿನಗೆ?” ಎಂದರು. ಬೆರಳಿಗೆ ಸುತ್ತಿಕೊಳ್ಳದೆ ಹೆಣೆಯುವ ಉಣ್ಣೆ ಯಾವುದೆಂದು ಕೇಳಬೇಕೆನ್ನಿಸಿತಾದರೂ, ಅವರ ಕೈಯಲ್ಲಿದ್ದುದು ನನ್ನದೇ ಸ್ವೆಟರಿನ ಎಡತೋಳಾಗಿದ್ದು ಬಲತೋಳು ಇನ್ನೂ ಆರಂಭವಾಗಿರಲಿಲ್ಲವಾದ ಕಾರಣ, ಶಾಸ್ತ್ರಾರ್ಥವನ್ನು ಮುಂದಕ್ಕೆ ಹಾಕುವುದು ವಿವೇಕವೆಂದು ತೋರಿತು.

ನಿಘಂಟುಕಾರರಾದರೋ ಬೆರಳಿನ ಪಕ್ಷವನ್ನು ಒಪ್ಪುವುದಿಲ್ಲ. ಸ್ಕಾಟ್ಲೆಂಡಿನ ಅಬರ್ಡೀನ್ ಸೀಮೆಯಲ್ಲಿ 17ನೆಯ ಶತಮಾನದಲ್ಲಿ ನೇಯುತ್ತಿದ್ದ ಒಂದು ಬಗೆಯ ಉಣ್ಣೆಯ ಬಟ್ಟೆಗೆ ಫಿಂಗ್ರಮ್ ಎಂಬ ಹೆಸರಿದ್ದಿತು. ಇದು ಫ್ರೆಂಚರ ‘ಫ್ಯಾಂ ಗ್ರ್ಯಾಂ’ ಎಂಬ ಮಾತು ಸಮುದ್ರವನ್ನು ದಾಟುವಾಗ ತಾಳಿದ ರೂಪವಾಗಿರಬೇಕೆಂದೂ, ಅದೇ ಮುಂದೆ ಫಿಂಗರಿಂಗ್ ಆಗಿ ಕಾಲುಚೀಲದ ನೂಲಿಗೆ ನಿಂತಿತೆಂದೂ ಅವರು ಊಹಿಸುತ್ತಾರೆ. ಫ್ಯಾಂ ಎಂದರೆ ನಯವಾದ. ಗ್ರ್ಯಾಂ ಎಂದರೆ ಕಾಳು, ಅರ್ಥಾತ್ ಬಟ್ಟೆಯ ಮೈಯನ್ನು ಸವರಿದಾಗ ಬೆರಳಿಗೆ ತಗಲುವ ಹರಳು. ಫ್ರೆಂಚನ್ನರಿಯದ ಜನ ಆ ಕಾಳನ್ನು ಕೈಬಿಟ್ಟು ತಮಗೆ ಪರಿಚಿತವಾದ ಬೆರಳನ್ನು ಅಲ್ಲಿ ಕೂರಿಸಿದರು. ಇದಕ್ಕಾಗಿ ಅವರನ್ನು ನಗುವ ಅಧಿಕಾರವು ಬೆಂಗಳೂರಿನವರಾದ ನಮಗಿಲ್ಲ; ಬೇಗೂರಿನ ಸುಮಾರು 890ರ ಶಾಸನದಲ್ಲಿಯೇ ‘ಬೆಂಗಳೂರು’ ಎಂದು ಸ್ಪಷ್ಟವಾಗಿ ಕೆತ್ತಿರುವಾಗ, ಅದಕ್ಕೆ ಸುಮಾರು ಮುನ್ನೂರು ವರ್ಷಗಳ ತರುವಾಯ ರಾಜ್ಯವಾಳಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳಿಂದ ಬೆಂದ ಕಾಳನ್ನು ಬಡಿಸಿ, ಊರಿಗೆ ಬೆಂದಕಾಳೂರೆಂದು ನಾಮಕರಣವನ್ನು ಮಾಡಿಸಿ ತೃಪ್ತರಾಗಿರುವವರು ನಾವು. ಸ್ಕಾಟರು ಇದ್ದ ಕಾಳನ್ನು ಕಳೆದರು. ನಾವು ಇಲ್ಲದ ಕಾಳನ್ನು ಬೇಯಿಸಿದೆವು.

ಈ ಫಿಂಗ್ರಮ್ಮಿಗೆ ಒಬ್ಬ ಅಣ್ಣನಿದ್ದನು. ತಂಗಿ ನಯವಾದವಳಾದರೆ ಅವನು ಒರಟ. ಫ್ರೆಂಚಿನಲ್ಲಿ ‘ಗ್ರೋ ಗ್ರ್ಯಾಂ’, ಅಂದರೆ ದಪ್ಪ ಹರಳಿನವನು. ಇಂಗ್ಲಿಷರ ಬಾಯಲ್ಲಿ ಅವನು ಗ್ರೋಗ್ರಮ್ ಆದನು. ರೇಷ್ಮೆ, ಅಂಗೋರಾ ಮೇಕೆಯ ಕೂದಲು, ಉಣ್ಣೆ ಇವುಗಳನ್ನು ಬೆರೆಸಿ ನೇಯ್ದು, ಅನೇಕ ವೇಳೆ ಗೋಂದನ್ನು ಹಚ್ಚಿ ಬಿರುಸು ಮಾಡಿದ ಈ ಬಟ್ಟೆಯ ನಿಲುವಂಗಿಯನ್ನು ಹಡಗಿನ ಮೇಲೆ ಸದಾ ಧರಿಸುತ್ತಿದ್ದವನು ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಎಡ್ವರ್ಡ್ ವರ್ನನ್. 1739ರಲ್ಲಿ ಆರೇ ಹಡಗುಗಳಿಂದ ಪೋರ್ಟೊಬೆಲ್ಲೊ ಬಂದರನ್ನು ಗೆದ್ದ ಈ ವೀರನನ್ನು ನಾವಿಕರು ಆ ನಿಲುವಂಗಿಯ ದೆಸೆಯಿಂದ ‘ಮುದಿ ಗ್ರಾಗ್’ ಎಂದೇ ಕರೆಯುತ್ತಿದ್ದರು. ದಿನಕ್ಕೆ ಅರ್ಧ ಪೈಂಟು ರಮ್ಮನ್ನು ಒಂದೇ ಗುಟುಕಿನಲ್ಲಿ ಮುಗಿಸಿ, ತದನಂತರ ಹಗ್ಗವಾವುದು ಹುಟ್ಟಾವುದು ಎಂಬ ವಿವೇಚನೆಯನ್ನು ಕಳೆದುಕೊಳ್ಳುತ್ತಿದ್ದ ತನ್ನ ಜನರನ್ನು ಕಂಡು ಬೇಸತ್ತ ವರ್ನನ್, 1740ರ ಆಗಸ್ಟ್ ತಿಂಗಳಲ್ಲಿ, ಆ ಪಾಲಿಗೆ ನಾಲ್ಕರಷ್ಟು ನೀರನ್ನು ಬೆರೆಸಿ ಎರಡು ಹೊತ್ತಿಗೆ ಹಂಚಿ ಕೊಡತಕ್ಕದ್ದೆಂದು ಆಜ್ಞಾಪಿಸಿದನು. ನಮ್ಮಲ್ಲಿ ಹಾಲಿಗೆ ನೀರು ಬೆರೆಸುವವರು ಈ ಕಾರ್ಯವನ್ನು ಆಜ್ಞೆಯಿಲ್ಲದೆಯೇ ನಿರ್ವಹಿಸುತ್ತಾರೆ, ಮತ್ತು ಅವರ ಹೆಸರನ್ನು ಇತಿಹಾಸವು ಬರೆದಿಡುವುದಿಲ್ಲ. ವರ್ನನ್ನನ ಅದೃಷ್ಟ ದೊಡ್ಡದು: ನೀರು ಬೆರೆತ ಆ ಪಾನೀಯಕ್ಕೆ ನಾವಿಕರು ಗ್ರಾಗ್ ಎಂದೇ ಹೆಸರಿಟ್ಟರು, ಅದನ್ನು ಕುಡಿದು ತೂರಾಡುವವನನ್ನು ಗ್ರಾಗಿ ಎಂದರು, ಕುಡಿಯದೆಯೇ, ಎದುರಾಳಿಯ ಗುದ್ದಿಗೆ ತೂರಾಡುವ ಮಲ್ಲನಿಗೂ ಆ ಮಾತು ಸಂದಿತು. ಹೀಗೆ ಬಟ್ಟೆಯ ಅಂಗಡಿಯಿಂದ ಹೊರಟವನು ಹಡಗನ್ನೇರಿ, ಹೆಂಡದ ಪೀಪಾಯಿಗಿಳಿದು, ಕಡೆಗೆ ಕುಸ್ತಿಯ ಕಣದಲ್ಲಿ ಬಿದ್ದನು. ವರ್ನನ್ನನ ಕೈಕೆಳಗೆ ಯುದ್ಧಕ್ಕೆ ಹೋಗಿದ್ದ ಲಾರೆನ್ಸ್ ವಾಷಿಂಗ್ಟನ್ ಎಂಬಾತ ಅಮೆರಿಕದ ತನ್ನ ಎಸ್ಟೇಟಿಗೆ ಮೌಂಟ್ ವರ್ನನ್ ಎಂದು ಹೆಸರಿಟ್ಟದ್ದೂ, ಅದು ಮುಂದೆ ಅವನ ತಮ್ಮ ಜಾರ್ಜನ ಮನೆಯಾದುದೂ ಸರ್ವವಿದಿತವಾದ ಸಂಗತಿ.

ಅಣ್ಣನು ಇಷ್ಟೆಲ್ಲ ರಂಪವನ್ನು ಮಾಡುತ್ತಿರುವಾಗ ತಂಗಿಯು ಮನೆಯಲ್ಲಿಯೇ ಕುಳಿತು ಕಾಲುಚೀಲವನ್ನು ಹೆಣೆಯುತ್ತಿದ್ದಳು. ಉದ್ದನೆಯ ಎಳೆಯ ಉಣ್ಣೆಯನ್ನು ಬಾಚಣಿಗೆಯಿಂದ ಬಾಚಿ, ಗಿಡ್ಡ ಎಳೆಗಳನ್ನು ತೆಗೆದುಹಾಕಿ, ಉಳಿದವನ್ನು ಒತ್ತಾಗಿ ಹುರಿಗೊಳಿಸಿದ ನೂಲು ನಯವಾಗಿಯೂ ಗಟ್ಟಿಯಾಗಿಯೂ ಇರುತ್ತದೆ. ಹಿಮ್ಮಡಿಯ ಉಪಟಳವನ್ನು ದಿನವಿಡೀ ಸಹಿಸಬೇಕಾದ ಕಾಲುಚೀಲಕ್ಕೆ ಬೇಕಾದುದು ಈ ಎರಡು ಗುಣಗಳೇ. ಸ್ಕಾಚ್ ಫಿಂಗರಿಂಗ್ ಎಂಬ ಹೆಸರಿನಿಂದ ಅವಳು ಸಾತ್ತ್ವಿಕವಾದ ಕೀರ್ತಿಯನ್ನು ಗಳಿಸಿದಳು. ಹ್ಯಾಲಿಫ್ಯಾಕ್ಸಿನ ಬಾಲ್ಡ್ವಿನ್ನರು ಜೇನುಗೂಡಿನ ಮುದ್ರೆಯೊಂದಿಗೆ ಅವಳನ್ನು ಮಾರಿದರು. ಅವರೂ ಸ್ಕಾಟ್ಲೆಂಡಿನ ಅಲೋವಾದ ಪೇಟನ್ನರೂ 1920ರಲ್ಲಿ ಒಂದಾದ ಮೇಲೂ ಅವಳ ನಡತೆಯಲ್ಲಿ ವ್ಯತ್ಯಾಸವೇನೂ ಆಗಲಿಲ್ಲ. ಇಂಥವರನ್ನು ಕುರಿತು ಕಥೆಗಳು ಹುಟ್ಟುವುದಿಲ್ಲವಾದ್ದರಿಂದ ನಾನೂ ಹೆಚ್ಚು ಹೇಳಲಾರೆ.

ವಿನೋದವೇನೆಂದರೆ, ಇಂದಿನ ಅಮೆರಿಕದ ನೂಲುಗಾರರು ನೂಲಿನ ದಪ್ಪಕ್ಕೆ ಅಂಕಿಗಳನ್ನು ಗೊತ್ತುಮಾಡಿ, ನಾಲ್ಕು ಅಂಗುಲದ ಅಗಲಕ್ಕೆ 27ರಿಂದ 32 ಕುಣಿಕೆಗಳು ಬೀಳುವ ಫಿಂಗರಿಂಗ್ ಮುಂತಾದವನ್ನು 1ನೆಯ ಅಂಕಿಯ ಕೆಳಗೆ ಸೇರಿಸಿ, ಆ ವರ್ಗಕ್ಕೆ ‘ಸೂಪರ್ ಫೈನ್’ ಎಂಬ ಶಿರೋನಾಮೆಯನ್ನು ಕೊಟ್ಟಿದ್ದಾರೆ. ನಯವೆಂಬ ಮೊದಲಿನ ಅರ್ಥವು ಇಷ್ಟು ಶತಮಾನ ಬೆರಳಿನ ಮರೆಯಲ್ಲಿ ಅಡಗಿದ್ದು, ತಾನು ಯಾರೆಂಬುದನ್ನು ಯಾರೂ ಗುರುತಿಸದಂತೆ ಹಿಂತಿರುಗಿದೆ. ಫಿಂಗ್ರಮ್ಮಿನಲ್ಲಿ ಕಳೆದುಹೋದ ‘ಗ್ರಮ್ಮು’ ಕೂಡ, ಉಂಡೆಯೊಂದಕ್ಕೆ ಐವತ್ತು ಗ್ರಾಮ್ ಎಂಬ ಬೇರೊಂದು ಗೋತ್ರದ ವೇಷದಲ್ಲಿ ನೂಲಿನ ಚೀಟಿಯ ಮೇಲೆ ಪ್ರತ್ಯಕ್ಷವಾಗಿದೆ. ಆದರೆ ಆ ಮಾತನ್ನು ಬೆಳೆಸಿದ ಬ್ರಿಟನ್ನಿನವರು ಮಾತ್ರ ಅದನ್ನು ಬಹುಮಟ್ಟಿಗೆ ಮರೆತು, ಹೆಚ್ಚುಕಡಮೆ ಅದೇ ನೂಲನ್ನು ಫೋರ್ ಪ್ಲೈ, ಅಂದರೆ ನಾಲ್ಕೆಳೆ, ಎನ್ನುತ್ತಾರೆ. ನಮ್ಮ ಅತ್ತಿಗೆಯವರೂ ಅಂಗಡಿಯಲ್ಲಿ ಹಾಗೆಯೇ ಕೇಳುತ್ತಾರೆ. ಅದರ ತುದಿಯನ್ನು ಬಿಚ್ಚಿ ಎಣಿಸಿದರೆ ಕೆಲವು ವೇಳೆ ನಾಲ್ಕಕ್ಕೆ ಬದಲಾಗಿ ಎರಡೇ ಎಳೆ ದೊರೆಯುವುದುಂಟು. ಅದು ಹೇಗೆಂದು ಅವರು ನನ್ನನ್ನು ಇದುವರೆಗೂ ಕೇಳಿಲ್ಲ. ಬಲತೋಳು ಮುಗಿಯುವವರೆಗೆ ನಾನೂ ಆ ಪ್ರಸ್ತಾಪವನ್ನೆತ್ತುವುದಿಲ್ಲ.