ಪ್ಲಾಟರ್ ರಾಯರು

ಮನೆ ಪ್ಲಾನ್ ಬರೆಯುವ ಆಫೀಸು ಯಾವ ಊರಿನಲ್ಲಿದ್ದರೂ ಅಲ್ಲೊಬ್ಬರು ಪ್ಲಾಟರ್ ರಾಯರು ಇದ್ದೇ ಇರುತ್ತಾರೆ. ಟೀ-ಸ್ಕ್ವೇರು, ಟ್ರೇಸಿಂಗ್ ಶೀಟು, ಅಮೋನಿಯಾ ಪ್ರಿಂಟಿನ ಘಾಟಿನಲ್ಲಿ ಪಳಗಿದ ಜೀವ. ಆಟೋಕ್ಯಾಡ್ 1982ರಲ್ಲೇ ಬಂದಿದ್ದರೂ ರಾಯರಿಗೆ ಅದು ನಿನ್ನೆ ಮೊನ್ನೆ ಬಂದ ಮಾಯೆ. ಕೆಡುವುದೇನಿದ್ದರೂ ಕೈಗೆ ಸಿಗುವ ವಸ್ತುವೇ ಎಂಬುದು ಅವರ ಸಿದ್ಧಾಂತ.

ಪ್ಲಾಟ್ ಕೊಟ್ಟು ಹಾಳೆ ಬಾರದಿದ್ದರೆ ಮೊದಲ ಆರೋಪಿ 36 ಇಂಚಿನ ರೋಲು. "ಮಳೇಗಾಲ ಕಣಮ್ಮ, ಶೀತ ಎಳ್ಕೊಂಡಿದೆ" ಎನ್ನುತ್ತ ಬಿಚ್ಚಿ, ಅಂಚು ಕತ್ತರಿಸಿ, ಮತ್ತೆ ಹಾಕುತ್ತಾರೆ. ಆಮೇಲೆ ಕೇಬಲ್ ಕಿತ್ತು ಉಫ್ ಎಂದು ಊದುತ್ತಾರೆ. ಪ್ರಿಂಟ್‌ಹೆಡ್ಡಿಗೆ ಅಭ್ಯಂಜನ. ವೋಲ್ಟೇಜಿಗೆ ಬೈಗುಳ. ಕೊನೆಗೆ ಅಷ್ಟು ದೊಡ್ಡ ಯಂತ್ರವನ್ನು ನಾಲ್ಕು ಜನರಿಂದ ಆಗ್ನೇಯ ಮೂಲೆಗೆ ತಳ್ಳಿಸುತ್ತಾರೆ.

ಇಷ್ಟಾಗಿ, ಪ್ಲಾಟರಿನದೇ ಬಟನ್ ಒತ್ತಿ ಟೆಸ್ಟ್ ಪೇಜ್ ತೆಗೆದರೆ ಬಣ್ಣಬಣ್ಣವಾಗಿ ಬರುತ್ತದೆ. ಯಂತ್ರ ಸರಿಯಿದೆ, ತೊಡಕು ಕಂಪ್ಯೂಟರಿನ ಕಡೆಗಿದೆ ಎಂದು ಉಳಿದವರಿಗೆ ಹೊಳೆಯುತ್ತದೆ. ರಾಯರಿಗೆ ಹೊಳೆಯುವುದೇ ಬೇರೆ: "ನೋಡಿದ್ರಾ ಬುದ್ಧಿ? ಸ್ವಂತದ್ದಾದ್ರೆ ಓಡೋಡಿ ಮಾಡುತ್ತೆ. ಆಫೀಸ್ ಕೆಲಸ ಅಂದ್ರೆ ಮೈಗಳ್ಳತನ!"

ಹೊಸದಾಗಿ ಸೇರಿದ ಹುಡುಗಿ ಮಾತಾಡದೆ ಪಿಸಿ3 ಫೈಲು ತೆರೆದು ಪೋರ್ಟ್ಸ್ ಟ್ಯಾಬ್ ನೋಡುತ್ತಾಳೆ. ಅಲ್ಲಿ 'ಪ್ಲಾಟ್ ಟು ಫೈಲ್' ಆಯ್ಕೆಯಾಗಿದೆ. ಹಿಂದೊಮ್ಮೆ ಇಂಕು ಮುಗಿದಾಗ, ನಕ್ಷೆಯನ್ನು ಪೆನ್‌ಡ್ರೈವಿನಲ್ಲಿ ಜೆರಾಕ್ಸ್ ಅಂಗಡಿಗೆ ಒಯ್ಯಲು ರಾಯರೇ ಮಾಡಿಸಿದ ಏರ್ಪಾಡು ಅದು. ಅಂದಿನಿಂದ ಪ್ಲಾನುಗಳೆಲ್ಲ ಪಿಎಲ್‌ಟಿ ಫೈಲುಗಳಾಗಿ ಫೋಲ್ಡರ್ ಸೇರುತ್ತಿವೆ. ಕಂಪ್ಯೂಟರ್ ಪಾಪ, ಪ್ರತಿ ಸಲವೂ ಫೈಲಿಗೆ ಹೆಸರು ಕೇಳಿದೆ. ರಾಯರು ಎಂಟರ್ ಒತ್ತಿದ್ದಾರೆ. ಹಳೆಯದರ ಮೇಲೆ ಬರೆಯಲೇ ಎಂದು ಕೇಳಿದೆ. ಅದಕ್ಕೂ ಧಾರಾಳವಾಗಿ ಎಸ್ ಅಂದಿದ್ದಾರೆ.

"ನಾನು ಅದನ್ನ ಓದ್ಲೇ ಇಲ್ಲಮ್ಮ. ಅದು ಹೇಳೋದನ್ನೆಲ್ಲ ಓದ್ತಾ ಕೂತ್ರೆ ಮನೆ ಕಟ್ಟೋರ್ಯಾರು?"

ಅವಳು ಪೋರ್ಟ್ ಬದಲಿಸಿ ಓಕೆ ಒತ್ತಿ, ಪ್ಲಾಟ್ ಕೊಡುತ್ತಾಳೆ. ಯಂತ್ರ ಗುರ್ ಎಂದು ಎ0 ಹಾಳೆಯನ್ನು ಚಾಚುತ್ತದೆ. ಸೈಟಿನ ಮಾಲೀಕರು ಕೈಮುಗಿಯುತ್ತಾರೆ, ಹುಡುಗಿಗಲ್ಲ, ರಾಯರಿಗೆ. ರಾಯರು ಹಾಳೆ ಸುತ್ತುತ್ತ ಅವಳತ್ತ ತಿರುಗುತ್ತಾರೆ:

"ಬೆಳಿಗ್ಗೆ ಆಫ್ ಮಾಡಿ ಆನ್ ಮಾಡಿದ್ನಲ್ಲ, ಅದು ಈಗ ಹತ್ತಿತು ನೋಡು. ದೊಡ್ಡ ಮೆಷಿನ್ನು ಕಣಮ್ಮ, ಮದ್ದು ಮೈಗೆ ಹಿಡಿಯೋದು ನಿಧಾನ."