ಉಬ್ಬರಕ್ಕೆ ಊರೆಲ್ಲ ವೈದ್ಯರೇ

ಹೊಟ್ಟೆ ಉಬ್ಬರ ಅಂತ ಬಾಯಿ ಬಿಟ್ಟು ನೋಡಿ. ಎದುರುಮನೆಯವರು ‘ಓಂಕಾಳು ಜಗೀರಿ’ ಅಂದರೆ, ಪಕ್ಕದ ಮನೆಯವರು ಜೀರಿಗೆ ಕಷಾಯಕ್ಕೆ ನೀರಿಟ್ಟೇಬಿಡುತ್ತಾರೆ. ವಾಕಿಂಗ್ ಗೆಳೆಯರು ‘ಎಲ್ಲಾ ಗ್ಯಾಸು ಸಾರ್’ ಎಂದು ಕೇಸು ಮುಗಿಸುತ್ತಾರೆ.

ಆ ಗ್ಯಾಸಿನಲ್ಲಿ ಕೆಲವಕ್ಕೆ ‘ಸೀಬೋ’ ಎಂಬ ಹೆಸರುಂಟು. ದೊಡ್ಡ ಕರುಳಿನಲ್ಲಿ ಕಿಕ್ಕಿರಿದಿರಬೇಕಾದ ಬ್ಯಾಕ್ಟೀರಿಯಾ ಸಣ್ಣ ಕರುಳಿನಲ್ಲಿ ಅತಿಯಾಗಿ ಬೆಳೆದು, ನಮ್ಮ ಊಟವನ್ನು ನಮಗಿಂತ ಮೊದಲೇ ಉಂಡು ತೇಗುವುದು!

ಊರವರ ಮದ್ದಿನ ಪಟ್ಟಿಯಲ್ಲಿರುವ ಬೆಳ್ಳುಳ್ಳಿ ಎರಡೂ ಪಕ್ಷದ ಕಾರ್ಯಕರ್ತ. ಅದರಲ್ಲಿನ ಅಲಿಸಿನ್ ಎಂಬ ಅಂಶ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಫ್ರಕ್ಟಾನ್ ಎಂಬ ಅಂಶ ಅವಕ್ಕೇ ಮೃಷ್ಟಾನ್ನ. ಆದರೆ ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗದು. ಎಸಳನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು, ಎತ್ತಿ ಬಿಸಾಕಿ, ಅದೇ ಎಣ್ಣೆಯಲ್ಲಿ ಸಾಸಿವೆ ಸಿಡಿಸಿದರೆ ಘಮವೂ ಉಂಟು, ನೆಮ್ಮದಿಯೂ ಉಂಟು.

ಖರ್ಚಿಲ್ಲದ ಮದ್ದು ಬಾಯಿಗೆ ಬೀಗ. ಹೊಟ್ಟೆ ಖಾಲಿಯಿದ್ದಾಗ ಕರುಳು ಒಂದೂವರೆ-ಎರಡು ಗಂಟೆಗೊಮ್ಮೆ ತನ್ನನ್ನು ತಾನೇ ಗುಡಿಸಿಕೊಳ್ಳುತ್ತದೆ. ಹನ್ನೊಂದಕ್ಕೆ ಕಾಫಿ, ನಾಲ್ಕಕ್ಕೆ ಕೋಡುಬಳೆ, ನಡುವೆ ‘ಒಂದೇ ಒಂದು’ ನಿಪ್ಪಟ್ಟು ಬಿತ್ತೋ, ಗುಡಿಸುವ ಕೆಲಸ ಅಲ್ಲಿಗೇ ಬಂದ್.

ಸೀಬೋಗೆ ಗಿಡಮೂಲಿಕೆ ಮಾತ್ರೆಗಳು ಆಂಟಿಬಯಾಟಿಕ್‌ಗೆ ಸರಿಸಮ ಎಂದು 2014ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯರ ಅಧ್ಯಯನ ಹೇಳಿತು. ನೋಡಿದ್ದು 104 ರೋಗಿಗಳನ್ನಷ್ಟೇ. ಎದುರುಮನೆಯವರು ಬೀಗಲು ಇನ್ನೂ ಸ್ವಲ್ಪ ಕಾಯಬೇಕು.

ಮೈತೂಕ ಇಳಿದರೆ, ರಕ್ತ ಕಮ್ಮಿಯಾದರೆ ಮಾತ್ರ ಕಷಾಯ ಬಿಟ್ಟು ಡಾಕ್ಟರ ಬಳಿ ನಡೆಯಿರಿ. ಸಿಹಿ ಬೆರೆಸಿದ ನೀರು ಕುಡಿಸಿ, ಊದಿಸಿ, ಉಸಿರಿನ ಹೈಡ್ರೋಜನ್ ಅಳೆಯುತ್ತಾರೆ. ರಾತ್ರಿ ಹೊತ್ತು ಟ್ರಾಫಿಕ್ ಪೊಲೀಸರ ಮುಂದೆ ಊದಿ ಅಭ್ಯಾಸವಿದ್ದವರಿಗೆ ಇದೇನು ಮಹಾ!